ಹೋಗದ ಜಾಗದಲ್ಲಿ ಬಿದ್ದ ಸಹಿ

"ಅಕ್ಕಾರ, ನಾ ಹೋಗದ ಇರೋ ಜಾಗಾದಾಗ ನನ್ನ ಸಹಿ ಅದ್ರಿ!"

೧೯೯೯ರ ಜನವರಿಯಲ್ಲಿ ಹೀಗೆನ್ನುತ್ತ ಈರಬಸಪ್ಪ ದಾಪೋಡಿಯ ನನ್ನ ಮೆಸ್ಸಿನ ಬಾಗಿಲಲ್ಲಿ ಕುಸಿದು ಕೂತ. ಪಕ್ಕದ ಭೋಸರಿಯ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಪ್ರೆಸ್ ಯಂತ್ರ ನಡೆಸಿದವ. ಸೂಪರ್‌ವೈಸರನಿಗೆ ಹೊಡೆದನೆಂದು ಅವನನ್ನು ವಜಾ ಮಾಡಿದ್ದರು. ಕಂಪನಿಯೂ ಯೂನಿಯನ್ನೂ ಒಪ್ಪಿ ನೇಮಿಸಿದ ಮಧ್ಯಸ್ಥರು ವಜಾ ಸರಿಯೆಂದೇ ತೀರ್ಪು ಬರೆದರು. ಸೋಮವಾರ ಹೈಕೋರ್ಟಿಗೆ ಅರ್ಜಿ. ಅಲ್ಲೂ ಸೋತರೆ ನೌಕರಿ ಹೋದಂತೆಯೇ.

ಆ ಮಧ್ಯಸ್ಥರು ನನ್ನ ಸೋದರಮಾವ ರಘುರಾಮ ರಾಯರು. ಶಿವಾಜಿನಗರದಲ್ಲಿರುವ ನಿವೃತ್ತ ಸರ್ಕಾರಿ ಅಧಿಕಾರಿ. ಗಂಡ ಸತ್ತಾಗ ನನ್ನನ್ನು ಉಡುಪಿಯಿಂದ ಈ ಮರಾಠಿ ಊರಿಗೆ ಕರೆತಂದು ಈ ಮೆಸ್ಸು ಹಾಕಿಕೊಟ್ಟ ದೇವರಂಥ ಮನುಷ್ಯ. ನನಗೆ ಮೈಯೆಲ್ಲ ಉರಿಯಿತು.

"ನಮ್ಮ ಮಾವನ ಮೇಲೆ ದೂರು ಹೇಳುವುದಾದರೆ ಎದ್ದು ಹೋಗು!"

"ಸುಮ್ಕಿರ ಪಂಕಜಾ," ಎಂದರು ಗೋದಕ್ಕ. ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದ ಗೋದಕ್ಕ ಮೂವತ್ತು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ನಮ್ಮ ಓಣಿಯ ಕಳವು, ಮೋಸಗಳ ಗುಟ್ಟು ಬಿಡಿಸುವುದು ಅವರೇ. "ಈರಬಸಪ್ಪಾ, ಹೊಡದಿಯೋ ಇಲ್ಲೋ, ಅದನ್ನ ಹೈಕೋರ್ಟ್ ಮತ್ತ ತೂಗಿ ನೋಡೂದಿಲ್ಲ. ಎರಡೂ ಕಡೀ ಮಾತು ಕೇಳ್ಯಾರೋ ಇಲ್ಲೋ, ಅದನ್ನ ನೋಡ್ತದ. ನಿನ್ನ ಸಹಿ ಇರೋ ಹಾಳಿ ತೋರ್ಸು."

ಹಾಳೆಯಲ್ಲಿ ಹೀಗಿತ್ತು: ೧೯೯೮ರ ನವೆಂಬರ್ ೧೨, ಬೆಳಿಗ್ಗೆ ಹನ್ನೊಂದಕ್ಕೆ ಕಾರ್ಖಾನೆಯಲ್ಲಿ ವಿಚಾರಣೆ. ಕೆಲಸಗಾರರು ಯಂತ್ರ ನಿಲ್ಲಿಸಿ ಬಂದು ನಿಂತರು. ಈರಬಸಪ್ಪ 'ಹೇಳುವುದೇನೂ ಇಲ್ಲ' ಎಂದ. ಕೆಳಗೆ ಅವನ ಸಹಿ, ಪಕ್ಕದಲ್ಲಿ ಮಾವನದು.

"ಖಾಲಿ ಹಾಳಿಗೆ ಸಹಿ ಮಾಡಿ ಕೊಟ್ಟಿದ್ದೇನು?" ಎಂದರು ಗೋದಕ್ಕ.

ಅವನು ತಲೆ ತಗ್ಗಿಸಿದ. "ಮೂರು ಮಂದಿಗೆ ಕೊಟ್ಟೀನ್ರಿ. ಯೂನಿಯನ್ ಅವಧೂತಗ, ಕಂಪನಿ ಆಫೀಸರ್ ಮೋಹನದಾಸ್ ಸಾಹೇಬ್ರಿಗೆ, ರಾಯರಿಗೆ. ದೊಡ್ಡವ್ರು ಕೇಳಿದ್ರ ಹೆಂಗ ಒಲ್ಲೆ ಅನ್ನೂದ್ರಿ?"

ಮಾವನಿಗೆ ಫೋನು ಮಾಡಿದೆ. "ನಂಗೆ ಎಂತದೂ ನೆನಪಿಲ್ಲ ಮಾರಾಯ್ತಿ. ಫೈಲಿನಲ್ಲಿ ಇದ್ದದ್ದೇ ಸರಿ," ಎಂದರು. ಆ ಫೈಲು ಎರಡು ವಾರ ಮೋಹನದಾಸನ ಕಪಾಟಿನಲ್ಲಿತ್ತಂತೆ. ಅವನೇ ಹಾಳೆ ತುರುಕಿದ್ದಾನೆ, ಮಾವ ಪಾಪ ಓದದೆ ಸಹಿ ಹಾಕಿದ್ದಾರೆ ಎಂದು ನಾನು ಆಣೆಯಿಟ್ಟು ಹೇಳಿದೆ.

ಗೋದಕ್ಕ ಹಳೆಯ ಕ್ಯಾಲೆಂಡರು ತಿರುವುತ್ತ, "ಗುರುವಾರ ಮಧ್ಯಾಹ್ನ ನೀ ಯಾಕ ಎರಡು ಪಟ್ಟು ಅಕ್ಕಿ ಹಾಕ್ತಿ?" ಎಂದರು.

"ಭೋಸರಿಯವರೆಲ್ಲ ಊಟಕ್ಕೆ ಬರ್ತಾರಲ್ಲ. ಈಗ ಅಡುಗೆ ಮಾತು ಯಾಕೆ ಮಾರಾಯ್ರೆ?" ಎಂದು ಸಿಡುಕಿದೆ.

ಭಾನುವಾರ ಗೋದಕ್ಕ ಮಾವ, ಅವಧೂತ, ಮೋಹನದಾಸ್, ಈರಬಸಪ್ಪ ಎಲ್ಲರನ್ನೂ ಮೆಸ್ಸಿಗೆ ಕರೆಸಿದರು.

"ನವೆಂಬರ್ ಹನ್ನೆರಡು ಗುರುವಾರ," ಎಂದು ಶುರುಮಾಡಿದರು. "ಭೋಸರಿ ಕಾರ್ಖಾನಿಗೆ ವಾರದ ಸೂಟಿ ಗುರುವಾರ, ಯಂತ್ರ ಎಲ್ಲಾ ಬಂದ್. ಅವತ್ತು ಯಾವ ಯಂತ್ರ ನಿಲ್ಲಿಸಿ ಯಾರು ಬಂದ್ರು? ಅವಧೂತ, ಮೋಹನದಾಸ್ ದಿನಾ ಅಲ್ಲೇ ಇರೋರು. ಸುಳ್ಳು ಬರದ್ರೂ ಗುರುವಾರ ಬರೀತಿದ್ದಿಲ್ಲ. ಈ ತಪ್ಪು ಮಾಡೋರು, ರವಿವಾರ ಒಂದ ಸೂಟಿ ಅಂತ ತಿಳದೋರು. ಆ ಗೇಟು ಒಮ್ಮಿನೂ ದಾಟದೋರು."

ನಾನು ಮಾವನತ್ತ ತಿರುಗಿದೆ. "ಮಾವಾ! ಸುಳ್ಳು ಅಂತ ಹೇಳಿ!"

ಮಾವ ಕನ್ನಡಕ ತೆಗೆದರು. "ಸೊಂಟ ನೋವು, ಬಸ್ಸು ಹತ್ತಲಿಕ್ಕೆ ಆಗ್ಲಿಲ್ಲ. ಕಂಪನಿಯ ಕಾಗದ ಓದಿ ಬರೆದೆ. ಹೊಡೆದದ್ದಂತೂ ಹೌದಲ್ಲ? ಕೇಳಿದ್ರೂ ತೀರ್ಪು ಅದೇ ಆಗ್ತಿತ್ತು."

"ಹಂಗಾರ ಈಗ ಕೇಳ್ರಿ," ಎಂದರು ಗೋದಕ್ಕ.

"ಹೌದ್ರಿ, ಹೊಡದೀನಿ," ಎಂದ ಈರಬಸಪ್ಪ. "ಬಾಜೂ ಮಷಿನ್ನಿನ ಮಾಂತೂನ ಕೈ ಪ್ರೆಸ್ಸಿನ ಒಳಗಿತ್ರಿ. ಸೂಪರ್‌ವೈಸರ್ ನೋಡದ ಸ್ವಿಚ್ಚಿಗೆ ಕೈ ಹಾಕಿದ. ಒದರಿದೆ, ಕೇಳ್ಸಲಿಲ್ಲ. ಹೊಡದು ಕೆಡವಿದೆ. ಮಾಂತೂನ ಐದೂ ಬೆರಳು ಉಳದಾವ್ರಿ."

"ಅಯ್ಯೋ, ನಮಗ್ಯಾಕ ಹೇಳ್ಲಿಲ್ಲೋ?" ಎಂದು ಅವಧೂತ ಎದ್ದು ನಿಂತ.

"ವಿಚಾರಣಿಗೆ ಕರದಾಗ ಹೇಳೂಣು ಅಂತ ನಾನೂ ಮಾಂತೂನೂ ಕಾಯ್ತಿದ್ವಿ. ಯಾರೂ ಕರೀಲಿಲ್ಲ."

ನಾವೂ ಅವನನ್ನು ಏನೂ ಕೇಳಿರಲಿಲ್ಲ, ಗೋದಕ್ಕನೂ ಕೇಳಿರಲಿಲ್ಲ. ನಾಚಿಕೆಯಿಂದ ನನಗೆ ಅಳು ಬಂತು. ಮಾವ ನಡೆದದ್ದನ್ನೆಲ್ಲ ಬರೆದುಕೊಟ್ಟರು.

ಹೈಕೋರ್ಟು ಆ ತೀರ್ಪು ರದ್ದುಮಾಡಿ, ಬೇರೆ ಮಧ್ಯಸ್ಥರ ಮುಂದೆ ಹೊಸದಾಗಿ ವಿಚಾರಣೆ ನಡೆಯಲಿ ಎಂದಿತು. ಹೊಸ ಮಧ್ಯಸ್ಥರು ಈರಬಸಪ್ಪನನ್ನು ಕೇಳಿದ್ದು ಒಂದೇ ಪ್ರಶ್ನೆ, "ಯಾಕೆ ಹೊಡೆದೆ?" ಉತ್ತರ ಹೇಳಿ ನೌಕರಿ ಮರಳಿ ಪಡೆಯಲು ಅವನಿಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಆ ಹತ್ತು ನಿಮಿಷಕ್ಕಾಗಿ ಅವನು ಒಂದೂವರೆ ವರ್ಷ ಕೆಲಸವಿಲ್ಲದೆ ಕೂತಿದ್ದ.