ಮಿಂಚಿನ ಕೆಳಗಿನ ಹುಡುಗ

೧೯೫೮ರ ಅಕ್ಟೋಬರ್ ೧೨, ಭಾನುವಾರ, ಮಹಾಲಯ ಅಮಾವಾಸ್ಯೆ. ಬೆಳಿಗ್ಗೆ ಎಂಟಕ್ಕೆ ಶಿರಾಳಕೊಪ್ಪದ ವಾಚನಾಲಯದ ಕಾರ್ಯದರ್ಶಿ ಮಧುಕೇಶ್ವರ ಠಾಣೆಗೆ ಬಂದು ದೂರು ಕೊಟ್ಟರು. ಗೋಡೆಯ ಮೇಲಿದ್ದ ಅಮೆರಿಕದ ಹಿಂದಿನ ಮಹನೀಯರ ಚಿತ್ರಗಳಲ್ಲಿ ಒಂದು ಕಳುವಾಗಿತ್ತು. ವಾಷಿಂಗ್ಟನ್, ವಿಲಿಯಂ ಪೆನ್, ಜೆಫರ್ಸನ್ ಇದ್ದ ಹಾಗೇ ಇದ್ದರು. ಹೋದದ್ದು ಫ್ರಾಂಕ್ಲಿನ್.

ಸಬ್ ಇನ್‌ಸ್ಪೆಕ್ಟರ್ ಉಮಾಮಹೇಶ್ವರ ಎಫ್.ಐ.ಆರ್. ದಾಖಲಿಸಿ, ಕಾನ್‌ಸ್ಟೇಬಲ್ ಕಲ್ಲಪ್ಪನೊಡನೆ ವಾಚನಾಲಯಕ್ಕೆ ಹೋದರು.

"ಎಂಥ ಚಿತ್ರ?" ಅವರು ಮಧುಕೇಶ್ವರರನ್ನು ಕೇಳಿದರು.

"ಗುಡುಗು ಮಳೇಲಿ ಗಾಳಿಪಟ ಹಾರಿಸ್ತಿರೋದು. ಮಿಂಚು ಅಂದ್ರೆ ವಿದ್ಯುತ್ತು ಅಂತ ತೋರಿಸಿಕೊಟ್ಟವರು. ಪಕ್ಕದಲ್ಲಿ ಅವರ ಮಗ ನಿಂತಿದಾನೆ."

ಬೀಗ ಒಡೆದಿರಲಿಲ್ಲ. ಖಾಲಿ ಮೊಳೆಯ ಕೆಳಗೆ, ಬೆಂಚಿನ ಮೇಲೆ ಎರಡು ವೀಳ್ಯದೆಲೆ, ಒಂದು ಅಡಿಕೆ.

"ಕಳ್ಳ ಗಡಿಬಿಡಿಯಾಗೆ ಎಲೆಅಡಿಕೆ ಹಾಕ್ಕೊಳ್ಳೋದೇ ಮರ್ತಾನ್ರಿ," ಎಂದು ಕಲ್ಲಪ್ಪ ನಕ್ಕ.

ಉಮಾಮಹೇಶ್ವರ ಬಗ್ಗಿ ನೋಡಿದರು. ಎಲೆಯ ಮೇಲೆ ಚಿಟಿಕೆ ಅರಿಸಿನ, ಕುಂಕುಮ.

"ಇದು ತಿನ್ನೋಕಲ್ಲ ಕಲ್ಲಪ್ಪ, ಕರೆಯೋಕೆ. ಹಿರಿಯರ ಹಬ್ಬದ ಹಿಂದಿನ ದಿನ ನಮ್ಮಮ್ಮ ಸತ್ತೋರ ಪಟದ ಮುಂದೆ ಹೀಗೇ ಇಟ್ಟು ಊಟಕ್ಕೆ ಕರೀತಿದ್ಲು." ಅವರು ಮಧುಕೇಶ್ವರರ ಕಡೆ ತಿರುಗಿದರು. "ಬೀಗದ ಕೈ ಇನ್ಯಾರ ಹತ್ರ ಐತ್ರಿ?"

"ಕಸ ಗುಡಿಸೋ ಹೂವಮ್ಮನ ಹತ್ರ. ನಿನ್ನೆ ಹಬ್ಬಕ್ಕಂತ ತನ್ನೂರು ಜಡೆಗೆ ಹೋದ್ಲು. ಅವಳಿಗ್ಯಾಕ್ರೀ ಫ್ರಾಂಕ್ಲಿನ್?"

"ಅವಳ ಮನೇಲಿ ಯಾರಾದ್ರೂ ತೀರಿಕೊಂಡಿದಾರಾ?"

ಮಧುಕೇಶ್ವರರ ದನಿ ತಗ್ಗಿತು. "ಮಗ. ವೈಶಾಖದಲ್ಲಿ ದನ ಮೇಯಿಸೋಕೆ ಹೋದಾಗ ಸಿಡಿಲು ಬಡೀತು."

ಸ್ಥಳ ಪಂಚನಾಮೆ ಮುಗಿಸಿ, ಜಡೆ ಸೊರಬ ಠಾಣೆಯ ಸರಹದ್ದಾದ್ದರಿಂದ ಅಲ್ಲಿಗೆ ವರ್ತಮಾನ ಕಳಿಸಿ, ಇಬ್ಬರು ಪೊಲೀಸರೂ ಬಸ್ಸು ಹತ್ತಿದರು. ಜಡೆ ಸೇರಿದಾಗ ಮಧ್ಯಾಹ್ನ.

ಹೂವಮ್ಮನ ಮನೆಯಲ್ಲಿ ಚಿತ್ರ ಮಣೆಯ ಮೇಲಿತ್ತು. ಮುಂದೆ ಇನ್ನೂ ಬಡಿಸದ ಬಾಳೆಎಲೆ, ಮಡಿಸಿಟ್ಟ ಹೊಸ ಚಡ್ಡಿ, ಅಂಗಿ. ಗಾಜಿನ ಮೇಲೆ, ಹುಡುಗನ ಹಣೆಗೆ ಸರಿಯಾಗಿ ಕುಂಕುಮ. ಒಲೆಯ ಮೇಲೆ ಇನ್ನೂ ಅನ್ನ ಬೇಯುತ್ತಿತ್ತು.

"ನೀನೇ ತಂದಿದ್ದಾ?"

"ಹೂಂ ಸ್ವಾಮಿ. ನಾಳೆ ಅಲ್ಲೇ ಇಟ್ಟುಬಿಡ್ತಿದ್ದೆ."

"ನಿನ್ನ ಮಗನ ಹಾಗೆ ಕಾಣ್ತಾನಾ?"

"ಇಲ್ಲ. ನಮ್ಮ ಗುಡ್ಡಪ್ಪ ಕಪ್ಪಗಿದ್ದ. ಅವಂದು ಪಟ ಯಾರು ತೆಗ್ಸಿದ್ರು?" ಅವಳು ಸೆರಗಿನಿಂದ ಗಾಜಿನ ಅಂಚು ಒರೆಸಿದಳು. "ಈ ಅಜ್ಜ ಮಿಂಚು ಹಿಡ್ದೋನು ಅಂತ ಸೆಕ್ರೆಟ್ರಿ ಅಯ್ನೋರು ಬಂದೋರಿಗೆಲ್ಲ ಹೇಳ್ತಿದ್ರು. ಈ ಹುಡುಗನ ಹತ್ರ ಒಬ್ಬ ದೊಡ್ಡೋನು ಅದಾನೆ ಸ್ವಾಮಿ. ನನ್ನ ಮಗ ಒಬ್ನೇ ಇದ್ದ."

ಉಮಾಮಹೇಶ್ವರ ಬೂಟು ಬಿಚ್ಚಿ ಜಗಲಿಯ ಮೇಲೆ ಕೂತರು.

"ಎಡೆ ಇಡಮ್ಮ. ಆಮೇಲೆ ಬರ್ಕೊಳ್ತೀವಿ."

ಅನ್ನ ಇಳಿಯಿತು, ಎಡೆಯಾಯಿತು, ದೀಪ ತಾನಾಗಿ ಆರಿತು. ಆಮೇಲೆ ಪಂಚರ ಎದುರು ಜಪ್ತಿ ನಡೆಯಿತು.

"ಕುಂಕುಮ ಒರೆಸ್ಲೇನ್ರಿ?" ಕಲ್ಲಪ್ಪ ಮೆಲ್ಲಗೆ ಕೇಳಿದ. ಬೆಳಗಿನ ನಗು ಈಗಿರಲಿಲ್ಲ.

"ಇದ್ದ ಹಾಗೇ ಇರ್ಲಿ."

ದಸ್ತಗಿರಿಯಾದ ಹೂವಮ್ಮ ತಾನೇ ಬಾಗಿಲು ಎಳೆದುಕೊಂಡು ಬಂದಳು. ಬಸ್ಸಿನಲ್ಲಿ ಅವಳು ಕಲ್ಲಪ್ಪನ ತೊಡೆಯ ಮೇಲಿದ್ದ ಚಿತ್ರದ ಕಡೆ ನೋಡಿದಳು.

"ಪಟಾನ ಎಲ್ಲಿಡ್ತೀರಿ ಸ್ವಾಮಿ?"

"ಠಾಣೆಯ ಮಾಲುಖಾನೆಯಲ್ಲಿ. ಕೇಸು ಮುಗಿಯೋವರೆಗೆ."

"ಅಲ್ಲಿ ಕಿಟಕಿ ಐತಾ?"

ಉಮಾಮಹೇಶ್ವರ ಹೊರಗೆ ನೋಡಿದರು.

"ಐತಮ್ಮ."

ಮಾಲುಖಾನೆಗೆ ಕಿಟಕಿಯಿರಲಿಲ್ಲ. ಆ ಸಂಜೆ ಮುದ್ದೆಮಾಲಾದ ಚಿತ್ರ ಕಿಟಕಿ ಪಕ್ಕದ ಅವರ ಮೇಜಿನ ಮೇಲೇ ಉಳಿಯಿತು.