ಮಾಳಿಗೆ ಮಣ್ಣಿನ ಬಣ್ಣ

ಬಂದ ದಿನವೇ ಅವರನ್ನು ನಾನು ಮಾಳಿಗೆ ಹತ್ತಿಸಿದ್ದೆ.

ಅದರಲ್ಲಿ ನನ್ನ ತಪ್ಪೇನೂ ಇರಲಿಲ್ಲ. ಎಂಬತ್ತೊಂಬತ್ತನೆಯ ಇಸವಿ, ಬೇಸಿಗೆ ರಜೆ ಮುಗಿದು, ನಾನು ಗಣಿತ ಕಲಿಸುತ್ತಿದ್ದ ಶಾಲೆ ತೆರೆದ ದಿನ. ಮೃಗಶಿರೆಯ ಮಳೆ, ನಮ್ಮ ಕಡೆಯ ಮಿರಗ, ಇವತ್ತೋ ನಾಳೆಯೋ ಎನ್ನುವಂತಿತ್ತು. ಶಾಲೆಯ ಮಣ್ಣಿನ ಮಾಳಿಗೆ ಸೋರದಂತೆ ಮೇಲೆ ಹೊಸ ಮಣ್ಣು ಹರಡಲು ಬರುತ್ತೇನೆಂದ ಆಳು ಪತ್ತೆ ಇರಲಿಲ್ಲ. ಶಾಲೆಯ ಹಾಲ್‌ಗೆ ಕಾಲಿಟ್ಟರೆ, ಬಸ್ಸಿನ ಧೂಳನ್ನೆಲ್ಲ ಮೈಮೇಲೆ ಹೊತ್ತ ಗಂಡಸೊಬ್ಬ ಬೆಂಚಿನ ಮೇಲೆ ನಿಂತು, ಕತ್ತೆತ್ತಿ ತೊಲೆಗಳನ್ನು ನೋಡುತ್ತಿದ್ದಾನೆ. ಇನ್ಯಾರು ಅಂದುಕೊಳ್ಳಬೇಕು?

“ಮಕ್ಕಳು ಕೂಡೋ ಬೆಂಚ್ ಅದು, ಮೊದಲ ಇಳೀರಿ. ನಿಚ್ಚಣಿಕಿ ಹಿಂದ ಅದ. ಹತ್ರಿ, ಜಲ್ದಿ. ಮಳಿ ನಿಮ್ಮ ಸಲುವಾಗಿ ಕಾಯಂಗಿಲ್ಲ.”

ಆತ ನನ್ನನ್ನೊಮ್ಮೆ ನೋಡಿದ. ಬಂದ ನಗುವನ್ನು ಮೀಸೆಯೊಳಗೇ ಬಚ್ಚಿಟ್ಟುಕೊಂಡು, “ಆಗಲ್ರಿ ಬಾಯಾರೆ” ಎಂದು ಟೀಚರಮ್ಮನಿಗೆ ಅನ್ನುವಂತೆ ಅಂದವನೇ ಏಣಿಯ ಕಡೆ ಹೋದ.

ಸ್ವಲ್ಪ ಹೊತ್ತಿಗೆ ಇಳಿದು ಬಂದು, ಎರಡೂ ಮುಷ್ಟಿಯ ಮಣ್ಣನ್ನು ನನ್ನ ಟೇಬಲ್ ಮೇಲೆ ಸುರಿದ. ಒಂದರಲ್ಲಿ ಬಿಳಿ, ಒಂದರಲ್ಲಿ ಹಳದಿ.

“ಮ್ಯಾಲ ಎಷ್ಟು ವರ್ಷದ ಮಣ್ಣದರಿ ಇದು?”

“ನಮ್ಮಜ್ಜನ ಕಾಲದಿಂದ ಹಾಕ್ಕೋತ ಬಂದೀವಿ.”

“ಹಳೇದು ತೆಗೆದೇ ಇಲ್ಲೇನ್ರಿ? ತಗ್ಗು ತೋಡಿ ಮೊಳಕೈ ತನಕ ಕೈ ಹಾಕೀನಿ, ಇನ್ನೂ ತಳ ಸಿಕ್ಕಿಲ್ಲ.”

“ಅದನ್ನೆಲ್ಲ ಕೇಳಲಿಕ್ಕೆ ನೀವ್ಯಾರ್‍ರಿ?”

“ಮಾಳಿಂಗಪ್ಪ ಅಂತ್ರಿ. ಅಫಜಲಪುರ ಕಡೆಯವ. ನಿಮ್ಮ ಸಾಲಿಗೆ ಹೊಸಾ ಡ್ರಾಯಿಂಗ್ ಮಾಸ್ತರ.”

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಾಚಿಕೆ ಆದಾಗ ನನಗೆ ಸಿಟ್ಟು ಬರುತ್ತದೆ, ಅದು ಹುಟ್ಟುಗುಣ. “ಮೊದಲೇ ಹೇಳಬಾರದೇನ್ರಿ?” ಎಂದು ಗದರಿದೆ.

“ನೀವು ಹೇಳಿದ ಧಾಟಿಗೆ ಇಲ್ಲ ಅನ್ನೋ ಧೈರ್ಯ ಆಗಲಿಲ್ರಿ.”

ಆಗ ನಕ್ಕರು ನೋಡಿ. ಆ ನಗುವಿಗೆ ನಾನು ಇಡೀ ದಿನ ಸಿಟ್ಟಿನಲ್ಲೇ ಇದ್ದೆ, ರಾತ್ರಿ ಊಟಕ್ಕೆ ಕೂತಾಗ ಮಾತ್ರ ಯಾಕೋ ನಗು ಬಂತು. “ಏನಾತು ಬೇ ನಿನಗ?” ಎಂದು ಅವ್ವ ಕೇಳಿದಳು.

ಆ ಹಾಲ್ ನಮ್ಮ ಮನೆತನದ್ದು. ಇಜೇರಿ ದಾರಿಯ ಈ ಸಣ್ಣ ಊರಿನಲ್ಲಿ ಶಾಲೆಗೆ ಜಾಗವಿಲ್ಲದಾಗ ನಮ್ಮಜ್ಜ ಕಟ್ಟಿಸಿಕೊಟ್ಟದ್ದು. ಕಲ್ಲಿನ ಗೋಡೆ, ಬೇವಿನ ತೊಲೆ, ಮೇಲೆ ಮಣ್ಣಿನ ಮಾಳಿಗೆ. ಪ್ರತಿ ವರ್ಷ ಮಿರಗಕ್ಕೆ ಮುಂಚೆ ಸೋರಬಾರದೆಂದು ಮೇಲೆ ಹೊಸ ಮಣ್ಣು ಹಾಕಬೇಕು. ಮೊದಲ ಪುಟ್ಟಿ ಹೊತ್ತು ಹಾಕುವುದು ನಮ್ಮಪ್ಪ ಶಾಂತಲಿಂಗಪ್ಪ ಗೌಡರೇ. ಬೇರೆಯವರ ಮನೆಯಲ್ಲಿ ಆಗೀಗ ಹಳೆಯ ಮಣ್ಣು ಕೆರೆದು ತೆಗೆಯುತ್ತಾರೆ. ನಮ್ಮಲ್ಲಿ ತೆಗೆಯುವುದಿಲ್ಲ. ಅಪ್ಪ ಹಾಕಿದ ಮಣ್ಣನ್ನು ಮಗ ತೆಗೆದರೆ ಮನೆತನ ಬಯಲಾಗುತ್ತದೆ ಎಂದು ಅಜ್ಜ ಹೇಳಿದ್ದರಂತೆ. ಹೀಗಾಗಿ ಮಣ್ಣಿನ ಮೇಲೆ ಮಣ್ಣು ಬೀಳುತ್ತಲೇ ಇತ್ತು.

ಮಾಳಿಂಗಪ್ಪನವರು ಬಂದ ಮೇಲೆ ನಮ್ಮ ಮಕ್ಕಳಿಗೆ ಹುಚ್ಚು ಹಿಡಿಯಿತು. ಸರ್ಕಾರದ ಬಣ್ಣದ ಪೆಟ್ಟಿಗೆ ಬರುತ್ತದೆ ಎಂದು ಕಾಯುವ ಜಾತಿ ಅವರದಲ್ಲ. ಜಾಲಿ ಅಂಟು ನೆನೆಹಾಕಿ ಅದರಲ್ಲಿ ಮಣ್ಣು ಅರೆದು ಬಣ್ಣ ಮಾಡಿಸಿದರು. ಜೋಳದ ದಂಟಿನ ತುದಿ ಜಗಿದರೆ ಬ್ರಷ್ ಆಯಿತು. ಮಗ್ಗಿ ಒಪ್ಪಿಸು ಎಂದರೆ ಗೋಡೆ ಹಿಂದೆ ಅಡಗುತ್ತಿದ್ದ ಹುಡುಗರು ಡ್ರಾಯಿಂಗ್ ಪೀರಿಯಡ್‌ಗೆ ಊಟ ಬಿಟ್ಟು ಓಡಿ ಬರುತ್ತಿದ್ದರು.

“ಪುಸ್ತಕದಾಗಿನ ಮಾವಿನಹಣ್ಣು ಬರೀಬ್ಯಾಡ್ರಿ. ಕಣ್ಣಿಗೆ ಏನು ಕಾಣ್ತದ, ಹೆಂಗ ಕಾಣ್ತದ, ಅದನ್ನಷ್ಟೇ ಬರೀರಿ” ಎನ್ನುತ್ತಿದ್ದರು.

ನಾನು ಗಣಿತದ ಕ್ಲಾಸ್ ಮುಗಿಸಿ ಅಲ್ಲೇ ಸುಳಿದಾಡುತ್ತಿದ್ದೆ. ಏನೋ ಕೆಲಸ ಇರುತ್ತಿತ್ತು. ಇಲ್ಲದಿದ್ದರೆ ಮಾಡಿಕೊಳ್ಳುತ್ತಿದ್ದೆ. ಅವರ ಬೆರಳ ತುದಿಗೆ ಸದಾ ಬಣ್ಣ. ಒಂದು ದಿನ ನನ್ನ ಕೆನ್ನೆಗೆ ಇದ್ದಿಲು ಮೆತ್ತಿತ್ತು. ಅವರು ಕೈ ಎತ್ತಿದರು, ಅರ್ಧಕ್ಕೆ ನಿಲ್ಲಿಸಿದರು, ಜೇಬಿನಿಂದ ಕರ್ಚೀಫ್ ತೆಗೆದು ಟೇಬಲ್ ಮೇಲೆ ಇಟ್ಟರು.

“ಬಾಯಾರೆ, ಜರಾ ಒರೆಸ್ಕೋರಿ.”

“ನನಗೊಂದು ಹೆಸರದರಿ. ಸುಭದ್ರಾ ಅಂತ.”

“ಗೊತ್ತದರಿ.”

“ಮತ್ತ?”

“ಕರಿಯೋ ಹೊತ್ತು ಬರಲ್ರಿ.”

ಆ ಕರ್ಚೀಫ್ ನಾನು ವಾಪಸ್ ಕೊಡಲಿಲ್ಲ.

ಅವರು ದಿನಾ ಮಧ್ಯಾಹ್ನ ಮಾಳಿಗೆ ಹತ್ತಿ ಒಂದು ಪುಟ್ಟಿ ಮಣ್ಣು ಇಳಿಸುತ್ತಿದ್ದರು. ಬಣ್ಣಕ್ಕೆ ಅಷ್ಟು ಯಾಕೆ ಬೇಕೆಂದು ನನಗೆ ಹೊಳೆಯಲೇ ಇಲ್ಲ. ಒಂದು ದಿನ ಹಿತ್ತಲಲ್ಲಿ ದೊಡ್ಡ ಗುಡ್ಡೆ ಕಂಡು ಗಾಬರಿಯಾಯಿತು.

“ಇದೇನ್ರಿ ಮಾಡಾಕತ್ತೀರಿ? ನಮ್ಮಪ್ಪ ನೋಡಿದ್ರ ಏನಾದೀತು ಗೊತ್ತದೇನು?”

ಅವರು ಪುಟ್ಟಿ ಕೆಳಗಿಟ್ಟರು. ಆ ದಿನ ಮೀಸೆಯೊಳಗೆ ನಗು ಇರಲಿಲ್ಲ.

“ನಮ್ಮ ಮನಿ ಭೀಮಾ ದಂಡಿಗಿತ್ತುರಿ. ಇಂಥದೇ ಮಾಳಿಗಿ. ನಾವೂ ಹಿಂಗೇ ಹಾಕ್ಕೋತ ಹೋದ್ವಿ. ಒಂದು ಶ್ರಾವಣದಾಗ ಝಡಿ ಮಳಿ ಹಿಡೀತು. ಒಣ ಮಣ್ಣು ಹೊತ್ತ ತೊಲಿ ಹಸಿ ಮಣ್ಣು ಹೊರಲಿಲ್ಲ. ನಮ್ಮವ್ವ ನಿಂಬೆವ್ವ ಒಳಗ ರೊಟ್ಟಿ ಬಡೀತಿದ್ಲು. ಸಪ್ಪಳ ಹೊರಗ ಕೇಳ್ತಿತ್ತು. ತಟಕ್ ಅಂತ ನಿಂತುಬಿಡ್ತು.”

ಅವರ ಮಣ್ಣಿನ ಕೈ ಹಿಡಿದುಕೊಂಡು ನಿಂತೆ. ಒಳಗೆ ಮಕ್ಕಳು ಗದ್ದಲ ಮಾಡುತ್ತಿದ್ದರು, ಅವರ ಮೇಲೆ ಅಂಥದೇ ತೊಲೆಗಳಿದ್ದವು.

ಆ ವಾರವೇ ಮಕ್ಕಳು ಶಾಲೆಯ ಚಿತ್ರ ಬರೆದರು. ಐದನೇ ಕ್ಲಾಸಿನ ಭಾಗಮ್ಮ ಬರೆದದ್ದರಲ್ಲಿ ನಡುವಿನ ತೊಲೆ ಕೆಳಗೆ ಬಾಗಿತ್ತು.

“ಗೆರಿ ಸೊಟ್ಟಾಗ್ಯಾದಲ್ಲವಾ. ಸ್ಕೇಲ್ ಇಟ್ಟು ಎಳಿ.”

“ಅದು ನೆಟ್ಟಗಿಲ್ಲಲ್ರಿ ಟೀಚರ್. ಹಂಗೇ ಅದ, ನೋಡ್ರಿ.”

ಕತ್ತೆತ್ತಿ ನೋಡಿದೆ. ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದ ತೊಲೆ. ಅದು ಬಾಗಿತ್ತು.

ಮರುದಿನದಿಂದ ನಾನೂ ಸೆರಗು ಸಿಕ್ಕಿಸಿ ಪುಟ್ಟಿ ಹಿಡಿದೆ. ಅವರು ಮೇಲಿನಿಂದ ಇಳಿಸುವರು, ನಾನು ಕೆಳಗೆ ಹಿಡಿಯುವೆ. ಮಣ್ಣಿನ ನೆಪದಲ್ಲಿ ಬೆರಳಿಗೆ ಬೆರಳು ತಾಗಿದರೆ ಇಬ್ಬರೂ ಬೇರೆ ಕಡೆ ನೋಡುತ್ತಿದ್ದೆವು. ಅಂಥ ಸುಖ ಮತ್ತೆಂದೂ ಕಂಡಿಲ್ಲ, ಅಂಥ ಹೆದರಿಕೆಯೂ ಕಂಡಿಲ್ಲ. ಮೂಲೆಯ ಒಂದು ಭಾಗ ಹಗುರಾಗುವಷ್ಟರಲ್ಲಿ ಶ್ರಾವಣ ಬಂತು, ಅಪ್ಪನಿಗೂ ಸುದ್ದಿ ಹೋಯಿತು.

ಅಪ್ಪ ಕೂಗಾಡುವ ಮನುಷ್ಯರಲ್ಲ. ಹಿತ್ತಲಿನ ಗುಡ್ಡೆಯ ಮುಂದೆ ನಿಂತು ಬಿಳಿ ಮಣ್ಣನ್ನು ಬೆರಳಲ್ಲಿ ಮುಟ್ಟಿ ನೋಡಿದರು.

“ನಮ್ಮಪ್ಪ ಹಾಕಿದ್ದು ಇದು” ಅಂದರು. “ಕುರಿ ಕಾಯೋರ ಮಗ ಬಂದು ಇದನ್ನ ಕಾಲಾಗ ಹಾಕ್ಯಾನ.”

“ಗೌಡ್ರ, ತೊಲಿ ತಡೆಯಂಗಿಲ್ರಿ” ಎಂದರು ಮಾಳಿಂಗಪ್ಪನವರು. “ಮಣ್ಣು ಹೊರಲಾರದಷ್ಟು ಒಜ್ಜಿ ಆಗ್ಯಾದ.”

ಅಪ್ಪ ಅವರ ಕಡೆ ನೋಡಲೂ ಇಲ್ಲ. ಆಗಸ್ಟ್ ಹದಿನೈದಕ್ಕೆ ಮಕ್ಕಳ ಚಿತ್ರಗಳ ಪ್ರದರ್ಶನ ಇದೇ ಹಾಲ್‌ನಲ್ಲಿ, ತಮ್ಮ ಅಧ್ಯಕ್ಷತೆಯಲ್ಲಿ ಎಂದು ಹೇಳಿ, ಸೋರಬಾರದೆಂದು ಆಳು ಹಚ್ಚಿ ಇಮ್ಮಡಿ ಮಣ್ಣು ಹಾಕಿಸಿದರು. ಹಗುರಾದ ಮೂಲೆಗೆ ಹೋಗುವಷ್ಟರಲ್ಲಿ ಮಳೆ ಹಿಡಿದು ಆಳುಗಳು ಅದನ್ನು ಬಿಟ್ಟು ಇಳಿದರು. ಅಪ್ಪ ಮನೆಗೆ ಬಂದು ನನ್ನನ್ನು ಎದುರು ಕೂರಿಸಿಕೊಂಡರು.

“ಆ ಮಾಸ್ತರನ ಪರ ನಿನ್ನ ಬಾಯಾಗ ಒಂದು ಮಾತು ಬಂದ್ರ ನೌಕರಿ ಸಾಕು. ಆಳಂದದವರಿಗೆ ಅವತ್ತೇ ಹೂಂ ಅಂತ ಹೇಳಿ ಕಳಸ್ತೇನಿ.”

ಆಳಂದದವರು ಮೂರು ತಿಂಗಳಿಂದ ತಮ್ಮ ಮಗನಿಗೆ ನನ್ನನ್ನು ಕೇಳುತ್ತಿದ್ದರು. ನಾನು ಎದ್ದು ಒಳಗೆ ಹೋದೆ. ಅಪ್ಪನಿಗೆ ಎದುರಾಡಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಮಳೆ ಝಡಿ ಹಿಡಿಯಿತು. ಹಗಲೆಲ್ಲ ಸಣ್ಣಗೆ, ಬಿಡದೆ. ಪಾಠ ಮಾಡುವಾಗ ಹುಡುಗರ ಪಾಟಿಯ ಮೇಲೆ ಮೇಲಿನಿಂದ ಚಿಟಿಕೆಯಷ್ಟು ಮಣ್ಣು ಉದುರುತ್ತಿತ್ತು. ಅವರು ಉಫ್ ಎಂದು ಊದಿ ಬರೆಯುತ್ತಿದ್ದರು. ಭಾಗಮ್ಮ ಪ್ರದರ್ಶನಕ್ಕೆಂದು ಶಾಲೆಯ ಚಿತ್ರವನ್ನು ಹೊಸದಾಗಿ ಬರೆದು ತಂದಳು. ತೊಲೆ ಮೊದಲಿಗಿಂತ ಬಾಗಿತ್ತು. ಕಂಬದ ತಲೆಯ ಮೇಲೆ ಒಂದು ಬಿರುಕು ಬರೆದಿದ್ದಳು. ಆ ಬಿರುಕನ್ನು ನಾನು ಅಲ್ಲಿಯ ತನಕ ಗಮನಿಸಿರಲಿಲ್ಲ.

“ನಾ ಹೇಳಬೇಕಾದಷ್ಟು ಹೇಳೀನ್ರಿ ಬಾಯಾರೆ” ಎಂದರು ಮಾಳಿಂಗಪ್ಪನವರು. “ನನ್ನ ಮಾತು ಅವ್ರ ಕಿವಿಗೆ ಬೀಳಂಗಿಲ್ಲ. ನೀವು ಹೇಳ್ರಿ ಅನ್ನಲಿಕ್ಕೂ ನನಗ ಬಾಯಿ ಬರವಲ್ದು. ಹೇಳಿದ್ರ ನಿಮ್ಮನ್ನ ಎಲ್ಲಿಗೆ ಕಳಸ್ತಾರ ಅಂತ ಗೊತ್ತದ.”

“ಕಳಿಸಿದ್ರ ನಿಮಗೇನ್ರಿ?” ಎಂದೆ, ಕೇಳಬೇಕೆಂದೇ.

ಅವರು ಮಳೆಯ ಕಡೆ ತಿರುಗಿದರು. “ನನಗೇನೂ ಉಳಿಯಂಗಿಲ್ಲ ನೋಡ್ರಿ” ಎಂದರು.

ಆಗಸ್ಟ್ ಹದಿನೈದರ ಬೆಳಿಗ್ಗೆ ಮಳೆ ನಿಂತು ಹೊಳವಾಗಿತ್ತು. ಧ್ವಜ ಏರಿತು. ಹಾಲ್ ತುಂಬ ಚಿತ್ರ ತೂಗುಹಾಕಿದ್ದೆವು. ನಡುವೆ ಅಪ್ಪನಿಗಾಗಿ ಕುರ್ಚಿ. ಮಕ್ಕಳು ಒಗೆದ ಅಂಗಿ ತೊಟ್ಟು ಒಳಗೆ ನುಗ್ಗಲು ಸಾಲಾಗಿ ನಿಂತಿದ್ದರು, ಎಲ್ಲರಿಗಿಂತ ಮುಂದೆ ಭಾಗಮ್ಮ.

ನಾನು ಹೋಗಿ ಹೊಸ್ತಿಲ ಮೇಲೆ ಕೂತುಬಿಟ್ಟೆ.

“ಯಾಕ ಬೇ, ಏಳು” ಎಂದರು ಅಪ್ಪ.

“ಮಕ್ಕಳು ಒಳಗ ಬರಂಗಿಲ್ಲ, ಅಪ್ಪಾ.”

ಊರೆಲ್ಲ ನೋಡುತ್ತಿತ್ತು.

“ಯಾರ ಮಾತು ಇದು?”

“ನನ್ನ ಮಾತು.”

ಅಪ್ಪ ರುಮಾಲು ಸರಿಮಾಡಿಕೊಂಡು ನನ್ನನ್ನು ದಾಟಿ ಒಳಗೆ ಹೋದರು. ಕುರ್ಚಿಯ ಮೇಲೆ ಕೂತು, “ನಮ್ಮಪ್ಪ ಹಾಕಿದ ಮಣ್ಣು ನನ್ನ ಮ್ಯಾಲ ಬೀಳ್ತದೇನು, ನೋಡೇ ಬಿಡೋಣು” ಎಂದರು. ಅವರ ಬಿಳಿ ರುಮಾಲಿನ ಮೇಲೆ ಮಣ್ಣು ಉದುರಿತು. ಅವರು ಕೊಡವಿಕೊಳ್ಳಲಿಲ್ಲ.

ಆಗ ಮಾಳಿಂಗಪ್ಪನವರು ಚಪ್ಪಲಿ ಬಿಟ್ಟು ಒಳಗೆ ಹೋದರು. ಕುರ್ಚಿಯ ಪಕ್ಕ ನೆಲದ ಮೇಲೆ ಕೂತರು.

“ನೀನ್ಯಾಕೋ ಬಂದಿ?”

“ನಮ್ಮವ್ವ ಒಬ್ಬಾಕಿನೇ ಇದ್ಲುರಿ ಒಳಗ. ನಾ ಹೊರಗ ಇದ್ದೆ. ಎರಡನೇ ಸಲ ಹೊರಗ ನಿಂತು ನೋಡಲಿಕ್ಕೆ ನನ್ನ ಕೈಲೆ ಆಗಂಗಿಲ್ರಿ. ನೀವು ಎದ್ದಾಗ ನಾನೂ ಏಳ್ತೇನಿ.”

ನನಗಿದ್ದ ಇಬ್ಬರು ಗಂಡಸರೂ ಆ ತೊಲೆಯ ಕೆಳಗೆ ಕೂತಿದ್ದರು. ಎಲ್ಲಿಯೋ ಕಟ್ಟಿಗೆ ಕಿರ್ ಅಂದಿತು. ನಾನು ಎದ್ದು, ಮಕ್ಕಳನ್ನು ಬೇವಿನ ಗಿಡದ ಕೆಳಗೆ ಓಡಿಸಿ, ಒಳಗೆ ನಡೆದೆ. ಅಪ್ಪನ ಪಕ್ಕದ ಖಾಲಿ ಜಾಗ ಬಿಟ್ಟು, ಮಾಳಿಂಗಪ್ಪನವರ ಪಕ್ಕ ಕೂತೆ. ಅವರ ಕೈ ಹಿಡಿದೆ, ಎಲ್ಲರ ಎದುರಿಗೆ.

“ಸುಭದ್ರಾ” ಎಂದರು ಅಪ್ಪ. ದನಿ ಬದಲಾಗಿತ್ತು. “ಅಲ್ಲ್ಯಾಕ ಕುಂತಿ?”

“ನಾ ಕೂಡೋ ಜಾಗಾ ಇದೇ, ಅಪ್ಪಾ. ಸತ್ರೂ ಇಲ್ಲೇ.”

ಅಪ್ಪ ನನ್ನನ್ನು ನೋಡಿದರು, ಮೇಲೆ ನೋಡಿದರು. ನನ್ನ ತಲೆಯ ಮೇಲೆ ಬಿದ್ದ ಮಣ್ಣನ್ನು ಕೈಯಿಂದ ಒರೆಸಿದರು. ಆಮೇಲೆ ಎದ್ದರು.

ನಾವು ಮೂವರೂ ಹೊರಗೆ ಬಂದೆವು. ಏನೂ ಆಗಲಿಲ್ಲ. ಗಿಡದ ಕೆಳಗೆ ಹಾಡು ಆಯಿತು, ಭಾಷಣ ಆಯಿತು. ಜನ ನನ್ನ ಕಡೆ ನೋಡಿ ಗುಸುಗುಸು ಎನ್ನುತ್ತಿದ್ದರು, ಅಪ್ಪ ತುಟಿ ಬಿಗಿಹಿಡಿದಿದ್ದರು. ಎಲ್ಲ ಕಳೆದುಕೊಂಡೆ, ತೊಲೆಯೂ ಬೀಳಲಿಲ್ಲ ಎಂದು ನನಗೆ ಅಳು ಬಂತು. ಮಕ್ಕಳಿಗೆ ಬೂಂದಿ ಹಂಚುತ್ತಿದ್ದೆ. ಭಾಗಮ್ಮನ ಅಂಗೈಗೆ ಹಾಕುವಾಗ ಹಿಂದೆ ಬಂಡೆ ಸೀಳಿದಂಥ ಸಪ್ಪಳವಾಯಿತು.

ಧೂಳು ಇಳಿದ ಮೇಲೆ ನೋಡಿದರೆ ಕುರ್ಚಿ ಕಾಣಲಿಲ್ಲ. ನಾವು ಹಗುರ ಮಾಡಿದ ಮೂಲೆಯೊಂದು ನಿಂತಿತ್ತು, ಅಲ್ಲಿ ನಾಲ್ಕಾರು ಚಿತ್ರಗಳು ಇನ್ನೂ ಓಲಾಡುತ್ತಿದ್ದವು. ಉಳಿದದ್ದೆಲ್ಲ ಒಡೆದ ಮಣ್ಣು, ಅಜ್ಜನ ಬಿಳಿ, ಅಪ್ಪನ ಹಳದಿ. ಮಕ್ಕಳು ಬೂಂದಿ ಬಾಯಿಗೆ ಹಾಕಿಕೊಳ್ಳದೆ ಹಾಗೆಯೇ ನಿಂತಿದ್ದರು. ಮಳೆ ಮತ್ತೆ ಶುರುವಾಯಿತು.

ಅಪ್ಪ ರುಮಾಲಿನ ಮೇಲಿನ ಮಣ್ಣು ಕೊಡವಿಕೊಂಡರು. ಕೊನೆಗೆ ಮಾಳಿಂಗಪ್ಪನವರ ಹತ್ತಿರ ಬಂದರು.

“ಮಾಸ್ತರ್‍ರ, ನಮ್ಮ ಮನಿ ಮಾಳಿಗಿ ಮ್ಯಾಲೂ ಇಷ್ಟೇ ಅದ. ಈಕಿ ಅವ್ವ ಒಳಗ ಅಡಗಿ ಮಾಡಾಕತ್ತಾಳ.” ಅವರು ಮನೆಯ ಕಡೆ ಕೈ ತೋರಿಸಿದರು. “ಬರ್ತೀರೇನು?”

ಅಷ್ಟು ಹೊತ್ತಿಗೆ ಮಾಳಿಂಗಪ್ಪನವರು ಓಡುತ್ತಿದ್ದರು. ಅಡಿಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬೀದಿಗೇ ಕೇಳುತ್ತಿತ್ತು. ಅವರು ಬಾಗಿಲಲ್ಲಿ ನಿಲ್ಲದೆ ಒಳಗೆ ಹೋಗಿ, ಹಿಟ್ಟಿನ ಕೈಯಲ್ಲೇ ಇದ್ದ ನಮ್ಮವ್ವನನ್ನು ಹೊರಗೆ ಕರೆತಂದು ಕಟ್ಟೆಯ ಮೇಲೆ ಕೂರಿಸಿದರು. ಆಕೆಯ ಮುಖವನ್ನೇ ಒಂದು ಗಳಿಗೆ ನೋಡುತ್ತ ನಿಂತರು. ಆಮೇಲೆ ನನ್ನ ಕಡೆ ತಿರುಗಿ, “ನಿಚ್ಚಣಿಕಿ ಎಲ್ಲದ?” ಎಂದರು.

“ಹಿಂದ ಅದ. ಹತ್ರಿ, ಜಲ್ದಿ” ಎಂದೆ.

ಅವರು ಹತ್ತಿದರು. ಸಲಿಕೆ ಹಿಡಿದು ನಾನೂ ಹಿಂದೆಯೇ ಹತ್ತಿದೆ. ಮಾಳಿಗೆಯ ಹಸಿ ಮಣ್ಣು ಕಾಲ ಕೆಳಗೆ ಮೆತ್ತಗೆ ಕುಸಿಯಿತು. ಕೆಳಗಿನಿಂದ ಅಪ್ಪ ಪುಟ್ಟಿ ಎತ್ತಿ ಹಿಡಿದಿದ್ದರು.

“ಸುಭದ್ರಾ” ಎಂದರು ಮಾಳಿಂಗಪ್ಪನವರು, ಮೊಟ್ಟಮೊದಲ ಸಲ, ಅಪ್ಪನಿಗೂ ಕೇಳುವಂತೆ. “ಗೋಡಿ ಗುಂಟನ ಕಾಲಿಡು, ನಡುವ ಬರಬ್ಯಾಡ. ನನ್ನ ಕೈ ಬಿಡಬ್ಯಾಡ.”