ಆರಿಸಿಟ್ಟ ಕೆಂಪು ದೀಪ

ಹನ್ನೆರಡನೇ ತಾರೀಕು ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ದೂರು ಬಂತು. ಕೊಟ್ಟವರು, ನಾಲ್ಕು ದಿನದ ಹಿಂದೆ ಕಾರು ಅಪಘಾತದಲ್ಲಿ ಹೆಂಡತಿಯನ್ನು ಕಳೆದುಕೊಂಡ ಮೇಷ್ಟ್ರು. ತೋಳು ಹಿಡಿದು ಕರೆತಂದವನು ಅವಳ ಅಣ್ಣ, ಊರ ಗಾಡಿಗಳಿಗೆಲ್ಲ ವೈರಿಂಗ್ ಮಾಡುವವನು. ಠಾಣೆಯವರ ಬಾಯಲ್ಲಿ ವೈರಣ್ಣ.

"ಗೋಡೆಗೆ ಗುದ್ದಿದ್ರೂ ಏರ್‌ಬ್ಯಾಗ್ ಬಿಚ್ಕೊಳ್ಲೇ ಇಲ್ಲ ಮೇಡಂ. ಕೆಟ್ಟಿದ್ರೆ ಎದುರಿಗೆ ಕೆಂಪು ದೀಪ ಉರೀಬೇಕಿತ್ತಲ್ವಾ? ಉರೀತಿರ್ಲಿಲ್ಲ. ಹೊಸ ಸ್ಟೀರಿಂಗ್ ಹಾಕಿದ ಅಂಗಡಿಯೋನೇ ಏನೋ ಮೋಸ ಮಾಡಿದಾನೆ."

ಮೇಷ್ಟ್ರು ಹೇಳಿದಂತೆ ಇನ್‌ಸ್ಪೆಕ್ಟರಮ್ಮ ಎಫ್‌ಐಆರ್ ಬರೆಸಿದರು. ವೈರಣ್ಣ ಭಾವನ ತೋಳು ಬಿಡಲಿಲ್ಲ.

ಮಧ್ಯಾಹ್ನ ಎರಡಕ್ಕೆ ಪಂಚನಾಮೆ. ಇಬ್ಬರು ಪಂಚರ ಮುಂದೆ ಮೀಸೆ ಹೆಡ್ ಕಾನ್‌ಸ್ಟೆಬಲ್ ಜಜ್ಜಿದ ಕಾರಿನ ಸ್ಟೀರಿಂಗ್ ಬಿಚ್ಚಿಸಿದ. ಏರ್‌ಬ್ಯಾಗಿಗೆ ಸೇರಬೇಕಾದ ವೈರು ಸೇರಿರಲೇ ಇಲ್ಲ. ಅದರ ತುದಿಗೆ ಅಕ್ಕಿಕಾಳಿನಷ್ಟು ರೆಸಿಸ್ಟರ್ ಎಂಬ ಬಿಡಿಭಾಗ, ಮೇಲೆ ಕಪ್ಪು ಟೇಪು. ಎಲ್ಲ ಸರಿಯಿದೆ ಎಂದು ಕಾರನ್ನೇ ನಂಬಿಸಿ ದೀಪ ಆರಿಸುವ ಉಪಾಯ. ಬೆಂಕಿ ಬೆಂಕಿ ಎಂದು ಕೂಗಿದವನ ಬಾಯಿಗೆ ಬಟ್ಟೆ ತುರುಕಿ, ಬೆಂಕಿ ಆರಿತು ಅಂದ ಹಾಗೆ!

ನಾಲ್ಕಕ್ಕೆ ಅಂಗಡಿಯವನನ್ನು ಕೂರಿಸಿದರು.

"ದೀಪ ಆರಿಸಿದ್ದು ನೀನೇ?"

"ಅಯ್ಯೋ, ನನ್ನ ಮಕ್ಕಳಾಣೆ ಇಲ್ಲ ಮೇಡಂ. ಆರನೇ ತಾರೀಕು ಸ್ಟೀರಿಂಗ್ ಹಾಕ್ದೆ. ಏರ್‌ಬ್ಯಾಗ್ ವೈರಿನ ಹಳೇ ಸಾಕೆಟ್ ಅದಕ್ಕೆ ಕೂರ್ಲಿಲ್ಲ, ಕೆಂಪು ದೀಪ ಹತ್ಕೊಳ್ತು. ಬೇರೆ ಸಾಕೆಟ್ ಬರೋಕೆ ವಾರ ಆಗುತ್ತಮ್ಮ, ಅಲ್ಲೀವರೆಗೆ ಗಾಡಿ ಓಡಿಸ್ಬೇಡಿ ಅಂದೆ. ರಸೀದಿ ಮೇಲೇ ಬರೆದಿದೀನಿ, ನೋಡಿ."

ಕೆಳಗೆ ತೀರಿಹೋದವಳ ಸಹಿ. ಶಾಲೆ ಹುಡುಗಿಯ ಬರಹದಂತೆ ಗುಂಡಗೆ.

ಮೀಸೆ ಮಾತ್ರ ಆ ಟೇಪನ್ನೇ ತಿರುಗಿಸಿ ನೋಡುತ್ತಿದ್ದ. "ತುದಿ ಮಡಚಿ ಕಿವಿ ಬಿಟ್ಟಿದಾನೆ ಮೇಡಂ. ಇದನ್ನ ಎಲ್ಲೋ ನೋಡಿದೀನಿ." ಹೊರಗೆ ಹೋಗಿ ಠಾಣೆಯ ಜೀಪಿನ ಬಾನೆಟ್ ಎತ್ತಿದ. ಹೋದ ತಿಂಗಳು ರಿಪೇರಿಯಾದ ಹಾರ್ನಿನ ವೈರಿಗೂ ಅದೇ ಪುಟ್ಟ ಕಿವಿ.

"ಇದನ್ನ ಮಾಡಿದ್ಯಾರು?"

ಮೀಸೆ ನೆಲ ನೋಡಿದ. "ನಮ್ಮ ವೈರಣ್ಣ."

ಐದೂ ಮುಕ್ಕಾಲಿಗೆ ಜೀಪು ಅವನ ಶೆಡ್ಡಿನ ಮುಂದೆ ನಿಂತಿತು. ಕೇಳುವ ಮೊದಲೇ ಅವನು ಎರಡೂ ಕೈ ಮುಂದೆ ಚಾಚಿದ.

"ಯಾವತ್ತು ಮಾಡಿದ್ದು?"

"ಏಳನೇ ತಾರೀಕು."

"ಗೊತ್ತಿದ್ದೂ ಗೊತ್ತಿದ್ದೂ?"

"ಮೂರು ಸಲ ಫೇಲಾಗಿ ಲೈಸೆನ್ಸ್ ತಗೊಂಡೋಳು ಮೇಡಂ. ಕಲಿಸಿದ್ದು ನಾನೇ. 'ಅಣ್ಣಾ, ಆ ಕೆಂಪು ಕಣ್ಣು ನನ್ನನ್ನೇ ಗುರಾಯಿಸುತ್ತೆ, ಕೈ ನಡುಗುತ್ತೆ' ಅಂದ್ಲು. ನಡುಗಬಾರದು ಅಂತ ಆರಿಸ್ದೆ. ಆರು ದಿನದ ಮಾತಲ್ವಾ, ಏನಾಗುತ್ತೆ ಅಂತ..."

"ಮತ್ತೆ ದೂರು ಕೊಡೋಕೆ ಜೊತೇಲಿ ಬಂದ್ಯಲ್ಲೋ!"

"ಭಾವ ಒಬ್ಬರೇ ನಡೆಯೋ ಹಾಗಿರ್ಲಿಲ್ಲ."

ಠಾಣೆಯಲ್ಲಿ ದಸ್ತಗಿರಿ ಪತ್ರಕ್ಕೆ ಅವನು ಸಹಿ ಹಾಕಿದ. ಇನ್‌ಸ್ಪೆಕ್ಟರಮ್ಮನಿಗೆ ಬರೆದುಕೊಳ್ಳಲು ಇನ್ನೇನೂ ಉಳಿದಿರಲಿಲ್ಲ. ಆದರೂ ಕೇಳಿದರು.

"ಟೇಪಿನ ತುದಿ ಯಾಕೆ ಹಾಗೆ ಮಡಚ್ತೀಯ?"

"ಆಮೇಲೆ ಬಿಚ್ಚೋಕೆ ಸುಲಭ ಆಗ್ಲಿ ಅಂತ."

ಕಪ್ಪುಗಟ್ಟಿದ ಉಗುರಿನಿಂದ ಅವನು ಮೇಜಿನ ಅಂಚನ್ನು ಕೆರೆಯುತ್ತಿದ್ದ.

"ಅದನ್ನೂ ಬಿಚ್ಚೋದೇ ಇತ್ತು ಮೇಡಂ. ಸಾಕೆಟ್ ನಾಳೆ ಬರುತ್ತೆ."